ಅಡ್ಡಗ್ವಾಡಿ ಮ್ಯಾಲಿನ ದೀಪ

ಸಂಕ್ರಾಂತಿ ಮುಗಿದು ಎರಡು ದಿನ ಆಗಿತ್ತು. ಕಲಬುರಗಿ ಮನ್ಯಾಗ ರಾತ್ರಿ ಊಟಕ್ಕ ಕೂತಾಗ ಮಗಳು ಇಂಗ್ಲಿಷ್ ಪುಸ್ತಕ ಹಿಡ್ಕೊಂಡು ಬಂದು "ಪಪ್ಪಾ, ಸಿಟ್ ಆನ್ ದ ಫೆನ್ಸ್ ಅಂದ್ರ ಏನು?" ಅಂದ್ಲು. ಏನ್ ಮಾಡ್ಬೇಕು ತಿಳೀದೆ ಒದ್ದಾಡೋದು ಅಂದೆ. "ಅಲ್ಲ ಪಪ್ಪಾ, ಅದು ಇನ್ ಟೂ ಮೈಂಡ್ಸ್. ಇದು ಎರಡೂ ಕಡಿಯವರು ಕೇಳಿದ್ರೂ ಯಾರ ಕಡಿಗೂ ಹೇಳ್ದೆ ಜಾರ್ಕೊಳ್ಳೋದು" ಅಂದ್ಲು. ಮುರಿದ ರೊಟ್ಟಿ ಕೈಯಾಗೇ ಉಳೀತು.

ಯಾಕಂದ್ರ ಅವತ್ತು ಮಧ್ಯಾಹ್ನ ನಾ ಊರಾಗಿದ್ದೆ, ಆಳಂದ ಕಡಿ. ತೊಗರಿ ರಾಶಿ ಆಗಿ ಚೀಲ ಪಡಸಾಲ್ಯಾಗ ಒಟ್ಟಿದ್ರು. ಅಣ್ಣ ರೇಟ್ ಏರ್ತದ ಇಟ್ಕೊಳ್ಳೋಣ ಅಂತಾನ, ತಮ್ಮ ಬೀಜ ಗೊಬ್ಬರದ ಸಾಲ ಅದ, ಬಡ್ಡಿ ಬೆಳೀಲತ್ತದ, ನಾಳಿಗೇ ಕಲಬುರಗಿ ಗಂಜ್ ಮಾರ್ಕೆಟ್‌ಗೆ ಒಯ್ಯೋಣ ಅಂತಾನ, ನಡುವ ಅಪ್ಪ ಚೀಲದಾಗ ಕೈ ಹಾಕಿ ನಾಕು ಕಾಳು ತೆಗೆದು ಅಂಗೈ ಮ್ಯಾಲೆ ಹೊರಳಿಸೋರು, ಒಂದು ಕಡಿದು ನೋಡೋರು, ಉಳಿದದ್ದು ಮತ್ತ ಚೀಲಕ್ಕ ಹಾಕೋರು. ಅವರಿಗೆ ಖರೇನೇ ತಿಳೀವಲ್ದಾಗಿತ್ತು. ಮೂರೂ ಮಂದಿ ನನ್ ಮುಖ ನೋಡಿದ್ರು. ನನಗ ಗೊತ್ತಿತ್ತು, ಬಡ್ಡಿ ಲೆಕ್ಕ ಹಾಕಿದವ ನಾನೇ, ತಮ್ಮ ಹೇಳಿದ್ದೇ ಸರಿ, ಮ್ಯಾಲ ಇಟ್ಟ ತೊಗರಿಗೆ ಬ್ಯಾಸಿಗಿ ಹೊತ್ತಿಗೆ ಹುಳ ಬೀಳ್ತಾವ. ಆದ್ರ ಅಣ್ಣ ಬ್ಯಾಸರ ಮಾಡ್ಕೋತಾನ ಅಂತ "ಇಬ್ರೂ ಹೇಳೋದು ಖರೇನೇ ಅದ" ಅಂದು ಚಹಾ ಕುಡಿದು ಬಸ್ ಹತ್ತಿ ಬಂದಿದ್ದೆ.

ಫೆನ್ಸ್ ಅಂದ್ರ ಬೇಲಿ. ನಮ್ಮ ಹೊಲಕ್ಕ ಜಾಲಿ ಮುಳ್ಳಿನ ಬೇಲಿ, ಯಾರೂ ಕೂಡೋ ಹಂಗಿಲ್ಲ. ಅಮೆರಿಕಾದಾಗ ಅಡ್ಡ ಕಟ್ಟಿಗಿ ಬೇಲಿ, ಏರಿ ಕೂತ್ರ ಎರಡೂ ಹೊಲ ಕಾಣ್ತಾವ, ಯಾವ ಕಡಿಗೂ ಇಳೀಬೇಕಿಲ್ಲ. ಅಲ್ಲಿ ಈ ಮಾತು ರಾಜಕೀಯದಾಗ ಭಾಳ ಓಡ್ಯಾಡ್ಯದ. 1884ರ ಅಧ್ಯಕ್ಷರ ಚುನಾವಣ್ಯಾಗ ತಮ್ಮದೇ ರಿಪಬ್ಲಿಕನ್ ಪಕ್ಷದ ಬ್ಲೇನ್‌ನ ಬಿಟ್ಟು ಡೆಮಾಕ್ರಟ್ ಕ್ಲೀವ್‌ಲ್ಯಾಂಡ್‌ಗೆ ನಿಂತವರಿಗೆ ಮಗ್‌ವಂಪ್ ಅಂತ ಹೆಸರಿಟ್ರು, ಮುಂದ ಬೇಲಿ ಮ್ಯಾಲೆ ಕೂತ ಹಕ್ಕಿ, ಮಾರಿ ಒಂದು ಕಡಿ ಬಾಲ ಒಂದು ಕಡಿ ಅಂತ ಚಾಷ್ಟಿ ಮಾಡಿದ್ರು. ನನಗ ಅದು ಅನ್ಯಾಯ ಅನಸ್ತದ, ಅವರು ತಮ್ಮವರನ್ನೇ ಎದುರು ಹಾಕ್ಕೊಂಡು ಒಂದು ಕಡಿ ಇಳಿದವರು. ನಮ್ಮಲ್ಲಿ ಹಿಂಗ ಯಾರ ಕಡಿಗೂ ಹೇಳ್ದೆ ಜಾರ್ಕೊಳ್ಳೋದಕ್ಕ ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ ಅಂತಾರ. ಬೆಳಕು ಎರಡೂ ಕೋಣಿಗೆ ಅರ್ಧರ್ಧ, ಯಾವ ಕೋಣ್ಯಾಗೂ ಸೂಜಿಗೆ ದಾರ ಪೋಣಿಸಾಕ ಬರಂಗಿಲ್ಲ. ಅಪ್ಪಂದು ಹೊಯ್ದಾಟ, ಅದರಾಗ ತಪ್ಪೇನಿಲ್ಲ. ನಾ ಅವರ ಮುಂದ ಅಂಥಾ ದೀಪ ಇಟ್ಟು ಬಂದಿದ್ದೆ.

ಕೈ ತೊಳ್ಕೊಂಡು ಮೊದಲು ಅಣ್ಣಗೇ ಫೋನ್ ಹಚ್ಚಿದೆ. "ಅಣ್ಣಾ, ತೊಗರಿ ಮಾರೋಣ, ತಮ್ಮ ಹೇಳಿದ್ದು ಸರಿ ಅದ" ಅಂದೆ. ಆ ಕಡಿ ಸುಮ್ಮನಾದ. "ಮಧ್ಯಾಹ್ನ ಇಲ್ಲೇ ಕೂತಿದ್ಯಲ್ಲ, ಆಗ ಹೇಳಬಾರ್ದಿತ್ತೇನಪಾ" ಅಂದ. ಹೇಳಬೇಕಿತ್ತು ಅಂದೆ. ಅರ್ಧ ಇಡೋಣ ಅರ್ಧ ಒಯ್ಯೋಣ ಅಂದ, ನಾ ಬ್ಯಾಡ ಅಂದೆ, ಫೋನ್ ಇಟ್ಟ. ನಾಕನೇ ದಿನ ಟೆಂಪೋ ನೆಹರು ಗಂಜಿಗೆ ಬಂದಾಗ ಚೀಲಗಳ ಮ್ಯಾಲೆ ಅವನೇ ಕೂತು ಬಂದಿದ್ದ. ನನ್ ಕೂಡ ಮಾತಾಡ್ಲಿಲ್ಲ, ಆದ್ರ ತೂಕ ಆಗೋ ಮುಂದ ಬರ್ಕೊಳ್ಳಾಕ ಅಂತ ಚೀಟಿ ಪೆನ್ನು ನನ್ ಕೈಗೆ ಕೊಟ್ಟ.