ಗೋಡೆಗೆ ಒರಗಿದ ಕೋವಿ

ಹಾಸನದಲ್ಲಿ 18 ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಒಂದು ಮದುವೆಯಲ್ಲಿ ಗಟ್ಟಿಮೇಳದ ಹೊತ್ತಿಗೇ ಫ್ಲ್ಯಾಶ್ ಕೈಕೊಟ್ಟಿತು. ಹತ್ತು ನಿಮಿಷ ಬಿಟ್ಟು ಹುಡುಗನ ಕೈಯಲ್ಲಿ ಮತ್ತೆ ತಾಳಿ ಹಿಡಿಸಿ, ಅಕ್ಷತೆ ಇನ್ನೊಂದು ಸಲ ಹಾಕಿಸಿ ಕ್ಲಿಕ್ ಮಾಡಿದೆ. ನಿಜವಾದ ಮುಹೂರ್ತದಲ್ಲಿ ಹುಡುಗಿ ಅಳುತ್ತಿದ್ದಳು. ನನ್ನ ಫೋಟೋದಲ್ಲಿ ನಗುತ್ತಿದ್ದಾಳೆ.

ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು ಅಂತಾರಲ್ಲ, ಫೋಟೋಗ್ರಾಫರ್ ಅಲೆಕ್ಸಾಂಡರ್ ಗಾರ್ಡ್ನರ್‌ನ ಗೆಟಿಸ್‌ಬರ್ಗ್ ಫೋಟೋ ನೋಡಿದಾಗಲೆಲ್ಲ ನನಗೆ ಹಾಗೇ ಆಗುತ್ತದೆ.

1863ರ ಜುಲೈ, ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ರಣರಂಗ. ದೊಡ್ಡ ಬಂಡೆಗಳ ನಡುವೆ ಕಲ್ಲು ಪೇರಿಸಿದ ಮೋಟು ಗೋಡೆ. ಅದರ ಹಿಂದೆ ದಕ್ಷಿಣದ ಪಡೆಯ ಹುಡುಗನೊಬ್ಬ ಸತ್ತು ಮಲಗಿದ್ದಾನೆ. ತಲೆ ಕೆಳಗೆ ಬೆನ್ನುಚೀಲ, ಮುಖ ನಮ್ಮ ಕಡೆಗೆ. ಕೋವಿ ಗೋಡೆಗೆ ಒರಗಿ ನಿಂತಿದೆ. ಮರೆಯಿಂದ ಗುರಿಯಿಟ್ಟು ಹೊಡೆಯುತ್ತಿದ್ದವನ ಅಡಗುತಾಣ ಇದು ಅಂತ ಗಾರ್ಡ್ನರ್ ಬರೆದ.

ಬಹಳ ಕಾಲ ಜನ ನಂಬಿದರು. 1975ರಲ್ಲಿ ಇತಿಹಾಸಕಾರ ವಿಲಿಯಂ ಫ್ರಾಸನಿಟೊ ತಮ್ಮ ಪುಸ್ತಕದಲ್ಲಿ ಗಂಟು ಬಿಚ್ಚಿದರು. ಅದೇ ಹುಡುಗನ ಹೆಣ ಗಾರ್ಡ್ನರ್ ತಂಡದ ಬೇರೆ ಫೋಟೋಗಳಲ್ಲಿ ಕೆಳಗಿನ ಇಳಿಜಾರಿನಲ್ಲಿದೆ. ಒಂದರಲ್ಲಿ ಮೈ ಕೆಳಗೆ ಕಂಬಳಿಯೂ ಕಾಣುತ್ತದೆ. ಹೊತ್ತು ತಂದದ್ದು ಅದರಲ್ಲೇ ಇರಬೇಕು. ಕೋವಿ ಕೂಡ ಗುರಿಕಾರರದ್ದಲ್ಲ, ಮಾಮೂಲಿ ಕಾಲಾಳಿನದ್ದು.

ನನ್ನ ಕಣ್ಣಿಗೆ ಚುಚ್ಚುವುದು ಆ ಕೋವಿಯೇ. ಗುಂಡು ತಿಂದು ಬಿದ್ದವನ ಕೋವಿ ಇಷ್ಟು ಚೆನ್ನಾಗಿ ನಿಲ್ಲುತ್ತಾ? ಆದರೆ ನಾನಾದರೂ ಅಲ್ಲೇ ಇಡುತ್ತಿದ್ದೆ. ಅದಿಲ್ಲದಿದ್ದರೆ ಫ್ರೇಮು ಬೋಳು.

ಆಗಿನ ಕಷ್ಟವೂ ಇತ್ತು ಬಿಡಿ. ಗಾಜಿಗೆ ಮದ್ದು ಸವರಿ, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕಿತ್ತು. ಓಡುವ ಸೈನಿಕ ಮಸುಕಾಗಿ ಹೋಗುತ್ತಿದ್ದ. ಅಲುಗದೆ ಸಿಗುತ್ತಿದ್ದವರು ಸತ್ತವರು ಮಾತ್ರ. ಹಾಗಾಗಿ ಹೆಣ ಸರಿಸಿದ್ದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರುವುದು ಗಾರ್ಡ್ನರ್ ಬರಹಕ್ಕೆ. ನವೆಂಬರಿನಲ್ಲಿ ಮತ್ತೆ ಹೋದಾಗ ಅಸ್ಥಿಪಂಜರವೂ ತುಕ್ಕು ಹಿಡಿದ ಕೋವಿಯೂ ಅಲ್ಲೇ ಇದ್ದವಂತೆ! ಕಂಡದ್ದನ್ನೆಲ್ಲ ಜನ ನೆನಪಿಗೆ ಅಂತ ಎತ್ತಿಕೊಂಡು ಹೋಗುತ್ತಿದ್ದ ಜಾಗದಲ್ಲಿ ಕೋವಿ ನಾಲ್ಕು ತಿಂಗಳು ಉಳಿಯಿತಾ? ಸುಮ್ನೆ ಕಥೆ.

1945ರ ಮೇ 2ರಂದು ಬರ್ಲಿನ್ನಿನಲ್ಲಿ ಜರ್ಮನಿಯ ಸಂಸತ್ ಭವನ ರೈಖ್‌ಸ್ಟಾಗ್ ಮೇಲೆ ಫೋಟೋಗ್ರಾಫರ್ ಯೆವ್ಗೆನಿ ಖಾಲ್ದೇಯ್ ತೆಗೆದ ಸೋವಿಯತ್ ಬಾವುಟದ ಫೋಟೋ ಇದಕ್ಕೆ ತಿರುಗುಮುರುಗು. ಬಾವುಟ ಕೆಂಪು ಮೇಜುಬಟ್ಟೆಯಲ್ಲಿ ಹೊಲಿಸಿ ತಂದದ್ದು. ಒಬ್ಬ ಸೈನಿಕನ ಎರಡೂ ಮುಂಗೈಯಲ್ಲಿ ವಾಚಿನಂಥದ್ದು ಕಾಣುತ್ತಿತ್ತು. ಲೂಟಿ ಮಾಲು ಅಂದಾರು ಅಂತ ನೆಗೆಟಿವ್‌ನಲ್ಲೇ ಒಂದನ್ನು ಕೆರೆದು ಅಳಿಸಿದರು. ಅಷ್ಟೆಲ್ಲ ಜೋಡಿಸಿದ ಫೋಟೋದಲ್ಲಿ ಯಾರೂ ಇಡಿಸದೆ ಬಂದದ್ದು ಅದೊಂದೇ ಅಲ್ವಾ!

ಮೊನ್ನೆ ಆ ಹುಡುಗಿ ಸ್ಟುಡಿಯೋಗೆ ಬಂದಿದ್ದಳು. ತಾಳಿ ಫೋಟೋ ದೊಡ್ಡದು ಮಾಡಿಸಬೇಕಂತೆ. "ನಾನು ಅತ್ತಿದ್ದೆ ಅಂತ ನಮ್ಮಮ್ಮ ಯಾವಾಗಲೂ ಹೇಳ್ತಾರೆ. ನೋಡಿ ಅಣ್ಣಾ, ನಗ್ತಾ ಇದ್ದೀನಿ ಅಲ್ವಾ?"

"ಹೂಂ ಕಣಮ್ಮ" ಅಂದೆ. ಲ್ಯಾಮಿನೇಷನ್ ಬೇಕಾ ಅಂತ ಕೇಳಿದೆ.