ಕ್ವೆಲಿಂ ಗುಡ್ಡಕ್ಕೆ ಮೂರು ದಾರಿಗಳು

ಹುಬ್ಬಳ್ಳಿಯಿಂದ ರಾತ್ರಿ ಹೊರಟ ರೈಲು ಕ್ಯಾಸಲ್‌ರಾಕ್ ದಾಟಿ, ಘಟ್ಟವಿಳಿದು ಗೋವಾದ ಮಡಗಾಂವ್ ತಲುಪಿದಾಗ ಜನವರಿ 6ರ ಬೆಳಗಾಗುತ್ತಿತ್ತು. ಅಲ್ಲಿಂದ ಬಸ್ಸಿನಲ್ಲಿ ಕಾನ್ಸಾವ್ಲಿಂ ಕಡೆಗೆ ಹೋಗುವಾಗ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ಇನ್ನೂ ತೂಗುತ್ತಿದ್ದವು. ಯೇಸು ಹುಟ್ಟಿದ ದೃಶ್ಯವನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿಗಳನ್ನು ಯಾರೂ ಬಿಚ್ಚಿರಲಿಲ್ಲ. ಹೊರಗಿನವರಿಗೆ ಕ್ರಿಸ್‌ಮಸ್ ಡಿಸೆಂಬರ್ 25ಕ್ಕೇ ಮುಗಿದಂತೆ ತೋರುತ್ತದೆ. ಆದರೆ ಬೆತ್ಲೆಹೇಮಿನ ಕಥೆಯ ಕೊನೆಯ ಅತಿಥಿಗಳು ಆಗಿನ್ನೂ ದಾರಿಯಲ್ಲಿರುತ್ತಾರೆ; ಅವರು ಬಂದು ಸೇರುವ ದಿನವೇ ಈ ಹಬ್ಬ. ಕೊಂಕಣಿಯಲ್ಲಿ ಇದು ‘ತೀನ್ ರಾಯಾಂಚೆಂ ಫೆಸ್ತ್’, ಮೂವರು ರಾಯರ ಹಬ್ಬ. ‘ರಾಯ’ ಎಂಬ ಪದಕ್ಕೆ ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ.

ಬೈಬಲಿನ ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಇವರು ರಾಯರೇ ಅಲ್ಲ, ನಕ್ಷತ್ರ ನೋಡಿ ಹೊರಟ ಮೂಡಣ ದೇಶದ ಜೋಯಿಸರು. ಎಷ್ಟು ಮಂದಿ ಎಂಬುದೂ ಅಲ್ಲಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಮೂವರೆಂಬ ಎಣಿಕೆ ಹುಟ್ಟಿತು; ಕಿರೀಟಗಳೂ ಗಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್ ಎಂಬ ಹೆಸರುಗಳೂ ಮುಂದಿನ ಶತಮಾನಗಳ ಭಕ್ತಿಯ ಕೊಡುಗೆ. ಚಿನ್ನ ಅರಸನಿಗೆ, ಧೂಪ ದೇವರಿಗೆ ಎಂಬುದು ಸುಲಭವಾಗಿ ತಿಳಿಯುತ್ತದೆ. ನನ್ನನ್ನು ಸದಾ ಕಾಡಿರುವುದು ಮೂರನೆಯದು. ನಮ್ಮ ಗ್ರಂಥಿಗೆ ಅಂಗಡಿಗಳಿಗೂ ಪರಿಚಿತವಾದ ಈ ಮರದ ಅಂಟನ್ನು ಆ ಕಾಲದಲ್ಲಿ ಶವಸಂಸ್ಕಾರಕ್ಕೆ ಬಳಸುತ್ತಿದ್ದರು. ಯೇಸುವಿನ ದೇಹವನ್ನು ಸಮಾಧಿ ಮಾಡುವಾಗ ಅವನ ಹಿಂಬಾಲಕ ನಿಕೊದೇಮನು ತಂದದ್ದರಲ್ಲಿಯೂ ಅದೇ ಇತ್ತು. ತೊಟ್ಟಿಲ ಮಗುವಿನ ಮುಂದೆ ಅದನ್ನಿಟ್ಟವನ ಮನಸ್ಸಿನಲ್ಲಿ ಏನಿತ್ತೋ!

ಮಾಂಡವಿ ನದಿಯ ದಡದಲ್ಲಿ ಪಣಜಿಗೆ ಎದುರಾಗಿರುವ ರೇಯಿಸ್ ಮಾಗೋಸ್ ಚರ್ಚು ಈ ಮೂವರ ಹೆಸರಿನಲ್ಲಿಯೇ ಇದೆ. ಚಾಂದೋರಿನಲ್ಲಿಯೂ ಹಬ್ಬ ನಡೆಯುತ್ತದೆ. ನಾನು ಕ್ವೆಲಿಂ ಗುಡ್ಡವನ್ನು ಆರಿಸಿಕೊಂಡದ್ದು ಅಲ್ಲಿನ ಮೂರು ದಾರಿಗಳಿಗಾಗಿ. ಕಾನ್ಸಾವ್ಲಿಂ, ಆರೋಸಿಂ, ಕ್ವೆಲಿಂ ಊರುಗಳಿಂದ ಒಬ್ಬೊಬ್ಬ ಹುಡುಗ ರಾಯನಾಗಿ, ಕಿರೀಟ ತೊಟ್ಟು, ಕುದುರೆಯೇರಿ, ತನ್ನದೇ ದಾರಿ ಹಿಡಿದು ಗುಡ್ಡದ ಮೇಲಿನ ರೆಮೆದಿಯೂಸ್ ಮಾತೆಯ, ಎಂದರೆ ಯೇಸುವಿನ ತಾಯಿ ಮರಿಯಳ, ಪ್ರಾರ್ಥನಾಲಯಕ್ಕೆ ಬರುತ್ತಾನೆ. ಭಾರತದ ಕ್ಯಾಥೊಲಿಕ್ ಚರ್ಚುಗಳಲ್ಲಿ ಸಾಮಾನ್ಯವಾಗಿ ಈ ಹಬ್ಬವನ್ನು ಹತ್ತಿರದ ಭಾನುವಾರ ಆಚರಿಸುತ್ತಾರೆ. ಈ ಊರುಗಳು 6ನೆಯ ತಾರೀಖನ್ನು ಬಿಟ್ಟುಕೊಟ್ಟಿಲ್ಲ.

ಕೆಮ್ಮಣ್ಣಿನ ಏರು ಹತ್ತಿ ಮೇಲೆ ನಿಂತಾಗ ಒಂದು ಕಡೆ ತೆಂಗಿನ ತೋಪುಗಳಾಚೆ ಅರಬ್ಬೀ ಸಮುದ್ರ ಹೊಳೆಯುತ್ತಿತ್ತು. ಮೊದಲು ವಾದ್ಯದ ಸದ್ದು ಕೇಳಿಸಿತು, ಆಮೇಲೆ ಕೊಡೆಯೊಂದು ಕಾಣಿಸಿತು, ಅದರ ಕೆಳಗೆ ಕುದುರೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ ಹತ್ತು ವರ್ಷದ ಆಸುಪಾಸಿನ ಬಾಲಕ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕೈಮುಗಿದರು. ನಾನು ಕಾರವಾರದ ಕೊಂಕಣಿಯಲ್ಲಿ ತಡವರಿಸುತ್ತಾ ಕೇಳಿದ್ದಕ್ಕೆ, ತಮ್ಮ ತಮ್ಮನೂ ಒಮ್ಮೆ ರಾಯನಾಗಿದ್ದನೆಂದೂ, ಆ ವರ್ಷ ಮನೆಗೆ ಸುಣ್ಣ ಬಳಿಸಿದ್ದರೆಂದೂ ಹೇಳಿದರು. ಮೂರೂ ಮೆರವಣಿಗೆಗಳು ಕೂಡಿದ ಮೇಲೆ ಹುಡುಗರು ಒಳಹೋಗಿ ಕಾಣಿಕೆಗಳನ್ನಿಟ್ಟರು, ಬಲಿಪೂಜೆ, ಎಂದರೆ ಕ್ಯಾಥೊಲಿಕರ ಮಾಸ್ ಪ್ರಾರ್ಥನೆ, ಆರಂಭವಾಯಿತು. ಗ್ರೀಕ್ ಭಾಷೆಯಲ್ಲಿ ಈ ಹಬ್ಬದ ಹೆಸರು ಎಪಿಫಾನಿಯ, ಎಂದರೆ ಪ್ರಕಟವಾಗುವುದು: ದೇವರು ತನ್ನವರಿಗಷ್ಟೇ ಅಲ್ಲ, ಬೇರೆ ನಾಡಿನ, ಬೇರೆ ನಂಬಿಕೆಯ ದಾರಿಹೋಕರಿಗೂ ಕಾಣಿಸಿಕೊಂಡದ್ದು. ಆ ಧರ್ಮದವನಲ್ಲದ ನನಗೆ ಬಾಗಿಲ ಬಳಿಯ ಬೆಂಚಿನಲ್ಲಿ ಇಬ್ಬರು ಸರಿದು ಜಾಗ ಕೊಟ್ಟರು.

ಹೊರಗೆ ಜಾತ್ರೆಯಲ್ಲಿ ಬೆಲ್ಲ, ಶುಂಠಿ ಹಾಕಿದ ಖಾಜೆಯ ರಾಶಿಗಳಿದ್ದವು. ಮನೆಗೆಂದು ಅರ್ಧ ಕಿಲೋ ಕಟ್ಟಿಸಿಕೊಂಡೆ. ಯೂದಾಯದ ಅರಸ ಹೆರೋದನ ಬಳಿಗೆ ಮರಳಬಾರದೆಂದು ಕನಸಿನಲ್ಲಿ ಎಚ್ಚರಿಕೆ ಸಿಕ್ಕಿದ್ದರಿಂದ ಜೋಯಿಸರು ಬೇರೆ ದಾರಿಯಿಂದ ತಮ್ಮ ದೇಶಕ್ಕೆ ಹೋದರೆಂದು ಮತ್ತಾಯನು ಬರೆಯುತ್ತಾನೆ. ಮೂವರು ಹುಡುಗರೂ ಒಟ್ಟಾಗಿ ಗುಡ್ಡ ಇಳಿಯತೊಡಗಿದರು. ಗಾಳಿ ಬೀಸುತ್ತಿತ್ತು. ಎಲ್ಲರಿಗಿಂತ ಚಿಕ್ಕವನು ಒಂದು ಕೈಯಲ್ಲಿ ಕಿರೀಟವನ್ನು ಒತ್ತಿ ಹಿಡಿದು, ಇನ್ನೊಂದನ್ನು ದಾರಿಬದಿಯ ಜನರತ್ತ ಬೀಸುತ್ತಾ ಹೋದ.