ಅಡುಗೆಮನೆಯ ಕ್ಯಾಲೆಂಡರ್

ಇವತ್ತು ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆಗೆ ಹೋಗಿದ್ದೆ. ಅಡುಗೆಮನೆಯ ಗೋಡೆಯ ಮೇಲೆ ಕನ್ನಡ ಕ್ಯಾಲೆಂಡರ್. ಏಕಾದಶಿ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ. ನಡುವೆ ಪೆನ್ಸಿಲಿನಲ್ಲಿ ಎಳೆದ 12 ಪುಟ್ಟ ಗೆರೆಗಳು.

“ಇದೇನಕ್ಕಾ?”

“ಇವರ ಹಡಗು ಆಫ್ರಿಕಾ ಸುತ್ತಿ ಹೋಗುತ್ತಿದೆಯಲ್ಲ, ಹೆಚ್ಚಾದ ದಿನಗಳು ಇವು.”

ಭಾವ ಕುಂದಾಪುರದವರು, ಕಂಟೇನರ್ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ ಯುರೋಪಿಗೆ ಹತ್ತಿರದ ದಾರಿ ಕೆಂಪು ಸಮುದ್ರ, ಸೂಯೆಜ್ ಕಾಲುವೆ. ಆ ಸಮುದ್ರದ ಬಾಗಿಲು ಬಾಬ್ ಎಲ್ ಮಂದೆಬ್ ಜಲಸಂಧಿ. ಕಿರಿದಾದ ಕಡೆ ಅಗಲ ಸುಮಾರು 30 ಕಿಲೋಮೀಟರ್, ನಮ್ಮ ಮುಂಬೈಯ ಮುಲುಂಡ್‌ನಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ಓಡುವಷ್ಟು ದೂರ! 2023ರ ನವೆಂಬರ್‌ನಿಂದ ಯೆಮೆನ್‌ನ ಹೌತಿ ಬಂಡುಕೋರರು ಅಲ್ಲಿ ಹಡಗುಗಳ ಮೇಲೆ ದಾಳಿಗಿಳಿದರು. ದೊಡ್ಡ ಕಂಪನಿಗಳು ಆಫ್ರಿಕಾದ ದಕ್ಷಿಣದ ಗುಡ್ ಹೋಪ್ ಭೂಶಿರದ ದಾರಿ ಹಿಡಿದವು. 1869ರಲ್ಲಿ ಸೂಯೆಜ್ ತೆರೆಯುವ ಮೊದಲು ಎಲ್ಲರೂ ಸುತ್ತುತ್ತಿದ್ದ ಅದೇ ಹಳೆಯ ದಾರಿ.

ಸಾಗಣೆ ದರ ಏರಿತು, ವಿಮೆ ದುಬಾರಿಯಾಯಿತು ಎಂದೆಲ್ಲ ಪತ್ರಿಕೆಯಲ್ಲಿ ಓದಿದ್ದೆ. ಈ ಗೆರೆಗಳ ಸುದ್ದಿ ಎಲ್ಲಿಯೂ ಇರಲಿಲ್ಲ. ಜಗತ್ತಿನ ವ್ಯಾಪಾರದ ಸರಕಿನಲ್ಲಿ ಶೇ. 80ಕ್ಕೂ ಹೆಚ್ಚು ಕಡಲಿನ ಮೇಲೆಯೇ ಸಾಗುತ್ತದೆ. ಹಾಗಾದರೆ ಇಂಥ ಕ್ಯಾಲೆಂಡರ್‌ಗಳು ಎಷ್ಟು ಮನೆಗಳಲ್ಲಿ ತೂಗುತ್ತಿರಬಹುದು?

“ಅಲ್ಲಿ ಅಲೆ ಬಹಳ ಜೋರಂತೆ, ಊಟ ಸೇರುವುದಿಲ್ಲವಂತೆ” ಎನ್ನುತ್ತಾ ಅಕ್ಕ ಬಟ್ಟಲಿಗೆ ಮಜ್ಜಿಗೆ ಸುರಿದರು. ಬಾಗಿಲವರೆಗೆ ಬಂದವರು ಮತ್ತೆ ಒಳಗೆ ಹೋಗಿ ಪೆನ್ಸಿಲ್ ಹುಡುಕತೊಡಗಿದರು. ಇವತ್ತಿನ ಗೆರೆ ಇನ್ನೂ ಎಳೆದಿರಲಿಲ್ಲ.